ಮುಳ್ಳಿಲ್ಲದ ಗಡಿಯಾರದ ಊರು

ಗೋಪುರದ ಗಡಿಯಾರ ರಿಪೇರಿ ಮಾಡುವವನನ್ನು ಕಟ್ಟಿಕೊಂಡರೆ ಒಂದು ಅನುಕೂಲವಿದೆ, ಊರೂರು ನೋಡಬಹುದು. ಗಡಿಯಾರ ಎಲ್ಲಿ ನಿಂತಿತೋ ಅಲ್ಲಿಗೆ ಗಂಡನ ಸವಾರಿ. ಮಕ್ಕಳಿಗೆ ರಜೆಯಿದ್ದರೆ ಹೆಂಡತಿ ಮಕ್ಕಳೂ ಬಾಲದಂತೆ ಹಿಂದೆ. ನಮ್ಮ ಕತೆಯ ಸೊಸೆ ಹೀಗೆ ಎಷ್ಟೋ ಊರುಗಳ ನೀರು ಕುಡಿದವಳು.

ಗಂಡ ಬೆಳಿಗ್ಗೆ ಸ್ಪ್ಯಾನರು, ಎಣ್ಣೆಯ ಡಬ್ಬಿ, ಬಟ್ಟೆಚೂರುಗಳ ಗಂಟು ಹೊತ್ತು ಗೋಪುರ ಹತ್ತಿದರೆ ಇಳಿಯುವುದು ಸಂಜೆಗೇ. ಅವನಿಗೆ ಕಾಣುವುದು ಊರಿನ ಮಾಡುಗಳು, ಹೊಗೆಕೊಳವೆಗಳು, ಒಣಹಾಕಿದ ಬಟ್ಟೆಗಳು ಮಾತ್ರ. ಕೆಳಗೆ ಸೊಸೆ ಒಂದು ಬಟ್ಟೆಚೀಲ ಹೆಗಲಿಗೇರಿಸಿ, ಎರಡು ಹೆಣ್ಣುಮಕ್ಕಳ ಕೈಹಿಡಿದು, ಮೂಗು ತೋರಿಸಿದ ದಾರಿಯಲ್ಲಿ ನಡೆಯುತ್ತಿದ್ದಳು. ಎಲ್ಲಾದರೂ ಒಳ್ಳೆಯ ವಾಸನೆ ಬಂತೆನ್ನಿ, ಅಲ್ಲಿ ನಿಲ್ಲುವುದು, ಒಂದು ತಟ್ಟೆ ಕೊಳ್ಳುವುದು, ಮೂವರೂ ಹಂಚಿಕೊಂಡು ತಿನ್ನುವುದು. ತಿಂದು ಬಾಯಿ ಒರೆಸಿಕೊಂಡ ಮೇಲೆ, ಇದನ್ನು ಮಾಡುವುದಕ್ಕೆ ನಿಮಗೆ ಯಾರು ಕಲಿಸಿದರು ಎಂದು ಕೇಳುವುದು. ಆ ಒಂದು ಪ್ರಶ್ನೆ ಸಾಕಿತ್ತು. ಅಜ್ಜಿ, ಅಜ್ಜಿಯ ಅಜ್ಜಿ, ಯಾವುದೋ ಪ್ರವಾಹ, ಯಾವುದೋ ಜಗಳ, ಎಂದೋ ಮುಚ್ಚಿಹೋದ ಕಾಲುವೆ, ಹೀಗೆ ಊರಿನ ಹೊಟ್ಟೆಯಲ್ಲಿದ್ದುದೆಲ್ಲ ಹೊರಗೆ ಬರುತ್ತಿತ್ತು. ರಾತ್ರಿ ಊಟದ ಮೇಜಿನ ಮೇಲೆ ನಾಲ್ವರೂ ಸೇರಿ ಊರು ಕಟ್ಟುತ್ತಿದ್ದರು. ಉಪ್ಪಿನ ಡಬ್ಬಿ ಗೋಪುರ, ಎರಡು ಚಮಚ ಸೇರಿದರೆ ಸೇತುವೆ. ಇಲ್ಲೊಂದು ಕಡೆ ಸದಾ ಹೊಗೆ ಏಳುತ್ತೆ ಎಂದು ಮೇಲಿನಿಂದ ನೋಡಿದವನು ಹೇಳಿದರೆ, ಅದರ ಕೆಳಗೆ ಏನು ಬೇಯುತ್ತೆ ಎಂದು ಕೆಳಗೆ ತಿರುಗಿದವರು ಹೇಳುತ್ತಿದ್ದರು.

ಇಷ್ಟು ಚೆಂದದ ಬಾಳಿಗೆ ಈಗ ಕುತ್ತು ಬಂದಿತ್ತು. ಕುತ್ತಿನ ಹೆಸರು ಅತ್ತೆ.

ಅತ್ತೆ ಕೆಟ್ಟವರೇನಲ್ಲ. ಬಾಯಿ ಕತ್ತರಿ, ಕೈ ಬೆಣ್ಣೆ. ಸೊಸೆಯ ಎರಡು ಬಾಣಂತನವನ್ನೂ ಮುಖ ಗಂಟಿಕ್ಕಿಕೊಂಡೇ ಅಚ್ಚುಕಟ್ಟಾಗಿ ಮಾಡಿದವರು. ಆದರೆ ರಜೆ ಎಂದರೆ ಮಕ್ಕಳು ಮನೆಯಲ್ಲಿದ್ದು, ಹೊತ್ತುಹೊತ್ತಿಗೆ ಉಂಡು, ಮೈ ತುಂಬಿಕೊಳ್ಳಬೇಕು ಎನ್ನುವುದು ಅವರ ವಾದ. ಸಂತೆ ಸುತ್ತಿ ಸುತ್ತಿ ಮೊಮ್ಮಕ್ಕಳು ಕಡ್ಡಿಯಾಗಿವೆ ಎನ್ನುವುದು ಅವರ ದೂರು. ಈ ಸಲ ಹೊರಡುವ ಮೊದಲು ಅವರು ಮಗನನ್ನು ಕೂರಿಸಿಕೊಂಡು ತೀರ್ಮಾನವನ್ನೇ ಹೇಳಿಬಿಟ್ಟರು: ತಾನೂ ಒಮ್ಮೆ ಬಂದು ಕಣ್ಣಾರೆ ನೋಡುತ್ತೇನೆ, ಸರಿ ಕಾಣದಿದ್ದರೆ ಮುಂದಿನ ರಜೆಯಿಂದ ಮಕ್ಕಳೂ ಸೊಸೆಯೂ ಮನೆಯಲ್ಲೇ ಇರಬೇಕು. ಗೋಪುರದ ತುದಿಯಲ್ಲಿ ಒಂಟಿಕಾಲಲ್ಲಿ ನಿಲ್ಲುವ ಗಂಡ ಅಮ್ಮನ ಎದುರು ಎರಡು ಕಾಲಲ್ಲೂ ನಿಲ್ಲಲಾರ. ‘ಆಗಲಮ್ಮ’ ಎಂದು ತಲೆಯಾಡಿಸಿದ.

ಹಾಗಾಗಿ ಸೊಸೆ ಈ ಊರಿಗೆ ಪರೀಕ್ಷೆಗೆ ಕೂರುವವಳಂತೆ ಬಂದಿಳಿದಳು. ಬೀದಿಯಲ್ಲಿ ನಿಂತು ತಿನ್ನುವುದನ್ನು ಅತ್ತೆಗೆ ತೋರಿಸುವುದೇ? ಛೆ ಛೆ. ಮೊದಲ ದಿನ ಅವಳು ಎಲ್ಲವನ್ನೂ ಮರ್ಯಾದೆಯಾಗಿ ಏರ್ಪಾಡು ಮಾಡಿದಳು. ಬೆಳಿಗ್ಗೆ ವಸ್ತುಸಂಗ್ರಹಾಲಯ, ಆಮೇಲೆ ಕೋಟೆಗೋಡೆ, ಮಧ್ಯಾಹ್ನ ಮೇಜಿಗೆ ಬಿಳಿ ಬಟ್ಟೆ ಹಾಸಿದ ದೊಡ್ಡ ಹೋಟೆಲು.

ವಸ್ತುಸಂಗ್ರಹಾಲಯದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಒಬ್ಬ ರಾಜನ ಬಟ್ಟಲಿತ್ತು. ಅತ್ತೆ ಅದರ ಮುಂದೆ ಬಹಳ ಹೊತ್ತು ನಿಂತರು.

“ಇದರಲ್ಲಿ ಏನು ತಿಂತಿದ್ದ?” ಎಂದು ಕೇಳಿದರು.

ಸೊಸೆ ಪಕ್ಕದ ಚೀಟಿ ಓದಿದಳು. ಯಾವ ಲೋಹ, ಯಾರ ಕಾಲ, ಎಲ್ಲಿ ಸಿಕ್ಕಿತು, ಎಲ್ಲ ಇತ್ತು. ಏನು ತಿನ್ನುತ್ತಿದ್ದ ಎಂಬುದು ಇರಲಿಲ್ಲ.

“ಅದನ್ನೇ ಬರ್ದಿಲ್ವಾ? ಮತ್ತೆ ಇನ್ನೇನು ಬರ್ದಿದಾರೆ, ಮಣ್ಣು,” ಎಂದು ಅತ್ತೆ ಮುಂದೆ ನಡೆದರು. ಕೋಟೆಗೋಡೆಯನ್ನು ನೋಡಿ ನಮ್ಮ ಹಿತ್ತಲಗೋಡೆ ಇದಕ್ಕಿಂತ ನೆಟ್ಟಗಿದೆ ಎಂದರು. ಬಿಳಿ ಬಟ್ಟೆಯ ಹೋಟೆಲಿನಲ್ಲಿ ತಟ್ಟೆ ಬರುವಷ್ಟರಲ್ಲಿ ಹಸಿವು ಬಂದು ಹೋಗಿತ್ತು. ಬಂದ ತಟ್ಟೆ ತಣ್ಣಗಿತ್ತು. ಅತ್ತೆ ಚೀಲದಿಂದ ತಮ್ಮ ರಸ್ಕಿನ ಡಬ್ಬಿ ತೆಗೆದು, ಟೀ ತರಿಸಿ, ಅದರಲ್ಲಿ ಅದ್ದಿಕೊಂಡು ತಿಂದರು. ಚಿಕ್ಕವಳು, ಸದಾ ಚಿಲಿಪಿಲಿ ಅನ್ನುವುದರಿಂದ ಅವಳನ್ನು ಗುಬ್ಬಿ ಎನ್ನುತ್ತಿದ್ದರು, ಅಮ್ಮನ ಕಿವಿಗೆ ಬಾಯಿ ಇಟ್ಟು, ಈ ಊರು ಯಾಕಮ್ಮ ಇಷ್ಟು ಸಪ್ಪೆ ಎಂದು ಕೇಳಿದಳು. ಸಂಜೆ ಮೇಜಿನ ಮೇಲೆ ಉಪ್ಪಿನ ಡಬ್ಬಿ ಬರೀ ಉಪ್ಪಿನ ಡಬ್ಬಿಯಾಗಿಯೇ ಉಳಿಯಿತು.

ಮರುದಿನ ಅತ್ತೆಗೆ ಮಂಡಿ ನೋವು. ಆದರೂ ಕೋಣೆಯಲ್ಲಿ ಒಬ್ಬರೇ ಕೂರಲೊಲ್ಲರು. ಮಾರ್ಕೆಟ್ಟಿನ ತನಕ ಬರುತ್ತೇನೆ, ಅಲ್ಲೆಲ್ಲಾದರೂ ಕೂತಿರುತ್ತೇನೆ, ನೀವು ಸುತ್ತಿ ಬನ್ನಿ ಎಂದರು. ಮತ್ತೆ ಸೇರುವುದು ಹೇಗೆ ಎಂಬ ಮಾತು ಬಂತು. ಸೊಸೆ ಯೋಚಿಸಲೇ ಇಲ್ಲ, “ಗೋಪುರದ ಗಡಿಯಾರ ಹನ್ನೆರಡು ಹೊಡೆದ ಕೂಡಲೇ ಮಾರ್ಕೆಟ್ ನಡುವಿನ ಕಾರಂಜಿ ಹತ್ತಿರ ಬಂದ್ಬಿಡಿ ಅತ್ತೆ, ನಾವೂ ಅಲ್ಲಿಗೇ ಬರ್ತೀವಿ,” ಎಂದಳು. ಅತ್ತೆ ಒಪ್ಪಿದರು. ಅವರ ಬದುಕೆಲ್ಲ ಗಂಟೆಯ ಮೇಲೆ ನಡೆದದ್ದು. ಮನೆಯ ನಡುಮನೆಯಲ್ಲಿ ಮಗನೇ ತೂಗುಹಾಕಿದ ಗಡಿಯಾರ ಹೊಡೆಯದೆ ಅವರು ಅಕ್ಕಿ ತೊಳೆದವರಲ್ಲ. ಬಾಯಲ್ಲಿ ಬ್ರಷ್ ಇಟ್ಟುಕೊಂಡಿದ್ದ ಗಂಡನೂ ಎಲ್ಲ ಕೇಳಿಸಿಕೊಂಡು, ಹನ್ನೆರಡಕ್ಕೆ ಕಾರಂಜಿ, ಸರಿ ಎನ್ನುವಂತೆ ತಲೆಯಾಡಿಸಿ, ಸ್ಪ್ಯಾನರಿನ ಗಂಟು ಹೊತ್ತು ಹೊರಟ.

ಮಾರ್ಕೆಟ್ಟಿನ ಮೂಲೆಯಲ್ಲಿ ಒಂದು ಕಾಳಿನಂಗಡಿ. ಅಂಗಡಿಯೆಂದರೆ ಒಂದು ಕಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಕವುಚಿಟ್ಟ ಬಟ್ಟಲುಗಳು, ಹಿಂದೆ ಹೊಗೆಗೆ ಕಪ್ಪಾದ ಬಾಗಿಲು. ಅಲ್ಲಿ ಮಾಡುವುದು ಒಂದೇ, ಬೇಯಿಸಿದ ಕಾಳು. ಬೇಕಾದವರು ತಿನ್ನಿ, ಬೇಡದವರು ದಾರಿ ಹಿಡಿಯಿರಿ. ಮುಂದೆ ಒಂದು ಬೆಂಚಿತ್ತು. ಅತ್ತೆ ಅದರ ಮೇಲೆ ಶಾಲು ಮಡಿಸಿ ಹಾಕಿ ಕೂತರು. ಸೊಸೆ ನಾಲ್ಕು ಹೆಜ್ಜೆಗೊಮ್ಮೆ ಹಿಂದೆ ತಿರುಗಿ ನೋಡುತ್ತ ಹೋದಳು. ಓಣಿ ತಿರುಗಿದ ಮೇಲೆ, ಸುಳ್ಳೇಕೆ ಹೇಳಬೇಕು, ಅವಳ ಹೆಗಲಿನಿಂದ ಮೂಟೆ ಇಳಿಸಿದ ಹಾಗಾಯಿತು.

“ಮೂಗು ಏನು ಹೇಳುತ್ತೆ?” ಎಂದಳು.

ಗುಬ್ಬಿಯ ಮೂಗು ಎಡಕ್ಕೆ ಎಂದಿತು, ದೊಡ್ಡವಳದು ಬಲಕ್ಕೆ. ಎಡಕ್ಕೆ ಹೋದರು. ಅಲ್ಲಿ ಬ್ರೆಡ್ ಸುಡುವ ಓಣಿ. ಭಟ್ಟಿಯವನು ಉದ್ದ ಹಿಡಿಯ ಮರದ ಸಲಿಕೆಯಿಂದ ಬೆಂದ ಬ್ರೆಡ್ಡುಗಳನ್ನು ಎಳೆದು ಹಾಕುತ್ತಿದ್ದ. ಅವುಗಳ ಮೇಲ್ಮೈ ತಣ್ಣಗಿನ ಗಾಳಿಗೆ ಚಿಟಿಚಿಟಿ ಸಿಡಿಯುವುದನ್ನು ಮಕ್ಕಳು ಕಿವಿಗೊಟ್ಟು ಕೇಳಿದರು. ಒಂದನ್ನು ಮುರಿದು ಮೂವರೂ ತಿಂದರು, ನಾಲಗೆ ಸುಟ್ಟುಕೊಂಡರು, ಇನ್ನೊಂದು ಮುರಿದರು. ಯಾರು ಕಲಿಸಿದರು ಎಂದು ಸೊಸೆ ಕೇಳಿದ್ದೇ ತಡ, ಭಟ್ಟಿಯವನು ಸಲಿಕೆ ಗೋಡೆಗೊರಗಿಸಿ ಮಾತಿಗೆ ಕೂತ. ಗೋಡೆಯ ಮೇಲೆ ಗುಬ್ಬಿಯ ತಲೆಗಿಂತ ಎತ್ತರದಲ್ಲಿ ಒಂದು ಕಂದು ಗೆರೆಯಿತ್ತು. ಅವನ ಅಜ್ಜನ ಕಾಲದಲ್ಲಿ ಹೊಳೆ ಅಲ್ಲಿಯ ತನಕ ಬಂದಿತ್ತಂತೆ. ಹಿಟ್ಟಿನ ಮೂಟೆಗಳನ್ನು ಅಟ್ಟಕ್ಕೇರಿಸಿ, ಅಟ್ಟದ ಮೇಲೆಯೇ ಒಲೆ ಹೂಡಿ, ದೋಣಿಯಲ್ಲಿ ಬ್ರೆಡ್ ಹಂಚಿದರಂತೆ. ಅಲ್ಲಿಂದ ಮುಂದೆ ಸಕ್ಕರೆಯಲ್ಲಿ ನಿಂಬೆಸಿಪ್ಪೆ ಕುದಿಸುವ ಮುದುಕಿ, ಅಲ್ಲಿಂದ ಮುಂದೆ ಚಮಚ ಕೆತ್ತುವವನು. ಅವನು ದೊಡ್ಡವಳ ಬಾಯಿಯ ಅಗಲ ಅಳೆದು ಅವಳಿಗೆಂದೇ ಒಂದು ಚಮಚ ಕೆತ್ತಿಕೊಟ್ಟ. ಸಪ್ಪೆ ಊರಿಗೆ ಉಪ್ಪು ಹುಳಿ ಖಾರ ಎಲ್ಲ ಬಂದುಬಿಟ್ಟಿತು.

ಗಡಿಯಾರ ಇನ್ನೂ ಹೊಡೆದಿರಲಿಲ್ಲ. ಹಾಗಾಗಿ ಸೊಸೆಗೆ ಆತುರವೂ ಇರಲಿಲ್ಲ. ಗಡಿಯಾರದವನ ಹೆಂಡತಿಯ ಕೈಯಲ್ಲಿ ವಾಚು ಇರಲಿಲ್ಲ, ಫೋನು ಕೋಣೆಯಲ್ಲಿ ಚಾರ್ಜಿಗೆ ಕೂತಿತ್ತು.

“ಅಮ್ಮ, ನೆರಳು ಆಚೆ ಕಡೆಗೆ ಹೋಗಿದೆ,” ಎಂದು ದೊಡ್ಡವಳು ಹೇಳಿದಾಗಲೇ ಅವಳು ತಲೆಯೆತ್ತಿ ಗೋಪುರ ನೋಡಿದ್ದು.

ಗಡಿಯಾರಕ್ಕೆ ಮುಳ್ಳೇ ಇರಲಿಲ್ಲ. ಮೀಸೆ ಬೋಳಿಸಿದ ಮುಖದಂತೆ ಬಿಳಿಯ ಬಿಲ್ಲೆ ಬೋಳು ಬೋಳಾಗಿ ಊರನ್ನು ನೋಡುತ್ತಿತ್ತು. ಬಿಲ್ಲೆಯ ನಡುವಿನ ತೂತಿನಲ್ಲಿ ಒಂದು ಕೈ ಬಂದು, ಬಟ್ಟೆಚೂರಿನಿಂದ ಅಂಚು ಒರೆಸಿ, ಒಳಗೆ ಹೋಯಿತು. ಅದು ಅವಳ ಗಂಡನದೇ ಕೈ.

ಅಯ್ಯೋ ಶಿವನೇ ಅಂದುಕೊಂಡಳು. ಕೆಟ್ಟಿದೆ ಎಂದೇ ತಾನೇ ಇಷ್ಟು ದೂರ ಬಂದದ್ದು? ಕೆಟ್ಟ ಗಡಿಯಾರ ಹನ್ನೆರಡು ಹೊಡೆಯಲಿ ಎಂದು ತಾನು ಕಾದೆ, ಅತ್ತೆ ಒಪ್ಪಿದರು, ಅದನ್ನು ಬಿಚ್ಚಿಹಾಕಲು ಹೊರಟವನೂ ತಲೆಯಾಡಿಸಿದ. ಊರ ಗಡಿಯಾರಗಳೆಲ್ಲ ಮನೆಯದೇ ಎನ್ನುವಂತೆ ಬದುಕಿದ್ದರ ಫಲ. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಗೊತ್ತಿಲ್ಲದ ಊರಿನಲ್ಲಿ, ಮಂಡಿನೋವಿನ ಅತ್ತೆಯನ್ನು, ಒಂದು ಬೆಂಚಿನ ಮೇಲೆ, ಊಟವಿಲ್ಲದೆ. ಇನ್ನು ತೀರ್ಮಾನ ಹೇಳುವುದಕ್ಕೆ ಅವರಿಗೆ ಬೇರೆ ಸಾಕ್ಷಿ ಬೇಕೇ?

ಮಕ್ಕಳನ್ನು ಎಳೆದುಕೊಂಡು ಓಡಿದಳು. ಕಾರಂಜಿಯ ಹತ್ತಿರ ಪಾರಿವಾಳಗಳು ಬಿಟ್ಟರೆ ಯಾರೂ ಇಲ್ಲ. ಕಾಳಿನಂಗಡಿಯ ಬೆಂಚಿನ ಮೇಲೆ ಮಡಿಸಿದ ಶಾಲು ಇತ್ತು, ಅತ್ತೆ ಇರಲಿಲ್ಲ. ಕಟ್ಟೆಯಲ್ಲಿ ಕೇಳೋಣವೆಂದರೆ ಅಂಗಡಿಯಾಕೆಯೂ ಇಲ್ಲ.

“ಅಜ್ಜಿ ಕಳೆದುಹೋದ್ರೆ ಅಪ್ಪ ಬೈತಾರಾ?” ಎಂದು ಗುಬ್ಬಿ ಕೇಳಿದಳು.

ಅಷ್ಟರಲ್ಲಿ ಕಪ್ಪು ಬಾಗಿಲಿನ ಹಿಂದಿನಿಂದ ನಗು ಕೇಳಿತು. ಹೊಟ್ಟೆ ಹಿಡಿದುಕೊಂಡು, ಉಸಿರು ಸಿಗದೆ, ನಡುವೆ ಕೆಮ್ಮಿ, ಮತ್ತೆ ಶುರುವಾಗುವ ನಗು. ಅತ್ತೆಗೆ ಹೀಗೂ ನಗಲು ಬರುತ್ತದೆ ಎಂಬುದು ಸೊಸೆಗೆ ಗೊತ್ತಿರಲಿಲ್ಲ.

ಒಳಗೆ ಇಕ್ಕಟ್ಟಾದ ಹಿತ್ತಲು. ಒಂದು ಕಡೆ ಊರವರೆಲ್ಲ ಬಂದು ಬಿಸಿನೀರು ಮೀಯುವ ಹಳೆಯ ಸ್ನಾನಗೃಹದ ಹಿಂಗೋಡೆ, ಅದರಲ್ಲಿ ಆಳೆತ್ತರದ ಒಲೆಯ ಬಾಯಿ, ಬಾಯಿಯ ಮುಂದೆ ಬೂದಿಯ ಗುಡ್ಡ. ಬೂದಿಯಲ್ಲಿ ಕುತ್ತಿಗೆಯ ತನಕ ಹೂತಿದ್ದ ದೊಡ್ಡ ಮಡಕೆ. ಅದರ ಪಕ್ಕದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮಣೆಯ ಮೇಲೆ ಕಾಲು ಚಾಚಿ ಕೂತು, ಮೊರದಲ್ಲಿ ಕಾಳು ಆರಿಸುತ್ತಿದ್ದರು ಅತ್ತೆ. ಎದುರಿಗೆ ಅವರದೇ ವಯಸ್ಸಿನ ಅಂಗಡಿಯಾಕೆ.

ತಪ್ಪಾಯಿತು ಅತ್ತೆ ಎಂದು ಸೊಸೆ ತೊದಲಿದಳು.

“ಯಾಕೆ ಓಡಿ ಬಂದೆ? ಹನ್ನೆರಡು ಹೊಡೀಲಿಲ್ವಲ್ಲ,” ಎಂದರು ಅತ್ತೆ, ಮೊರದಿಂದ ಕಣ್ಣು ತೆಗೆಯದೆ.

“ಅತ್ತೆ, ಅದು ಹೊಡೆಯಲ್ಲ. ಮುಳ್ಳೇ ಬಿಚ್ಚಿದಾರೆ.”

ಅತ್ತೆಯ ಕೈ ನಿಂತಿತು. ಅಂಗಡಿಯಾಕೆಯ ಕಡೆ ತಿರುಗಿದರು. “ಏನ್ರೀ ಅಕ್ಕ, ನಾಲ್ಕು ಸಲ ಕೇಳಿದೆನಲ್ಲ ನಿಮ್ಮನ್ನ, ಹನ್ನೆರಡು ಹೊಡೀತಾ ಅಂತ?”

“ಕೇಳಿದ್ರಿ. ಇನ್ನೂ ಇಲ್ಲ ಅಂದೆ. ಸುಳ್ಳು ಹೇಳಿದ್ನಾ?” ಎಂದಳು ಅಂಗಡಿಯಾಕೆ. “ಅದು ನಿಂತು ಎಷ್ಟು ಕಾಲ ಆಯ್ತೋ. ನಿಜ ಹೇಳಿದ್ರೆ ನೀವು ಎದ್ದು ಹೋಗ್ತಿದ್ರಿ, ಅರ್ಧ ಮೊರ ಕಾಳು ನಾನೇ ಆರಿಸ್ಬೇಕಿತ್ತು.”

ಮತ್ತೆ ಆ ನಗು. ಈ ಸಲ ಇಬ್ಬರದೂ. ಸೊಸೆ ಬಾಗಿಲ ಚೌಕಟ್ಟಿಗೆ ಒರಗಿ ನಿಂತಳು.

ಆದದ್ದಿಷ್ಟು. ಬೆಂಚಿನ ಮೇಲೆ ಕೂತಿದ್ದ ಅತ್ತೆಗೆ ಕಾಳಿನ ವಾಸನೆ ಬಂತು. ಗ್ಯಾಸಿನ ಮೇಲೆ ಬೆಂದ ವಾಸನೆಯಲ್ಲ, ಕುದಿಯದೆ ಮೆಲ್ಲಗೆ ಬೆಂದ ವಾಸನೆ. ಬೇಡ ಬೇಡವೆಂದುಕೊಂಡೇ ಒಂದು ಬಟ್ಟಲು ತೆಗೆದುಕೊಂಡರು. ಎರಡು ಚಮಚ ಬಾಯಿಗಿಟ್ಟು, ಇದನ್ನು ಯಾತರ ಮೇಲೆ ಬೇಯಿಸುತ್ತೀರಿ ಎಂದು ಕೇಳಿದರು. ಬಂದು ನೋಡಿ ಎಂದು ಅಂಗಡಿಯಾಕೆ ಒಳಗೆ ಕರೆದಳು. ನೋಡಿದರು, ಕೂತರು, ಸುಮ್ಮನೆ ಕೂರಲಾರದೆ ಮೊರ ಎಳೆದುಕೊಂಡರು. ಕೈಗೆ ಕೆಲಸ ಸಿಕ್ಕ ಮೇಲೆ ಬಾಯಿಯೂ ಹದಕ್ಕೆ ಬಂತು.

ಈಗ ಅತ್ತೆಯೇ ಮಕ್ಕಳನ್ನು ಕೂರಿಸಿ ಬಟ್ಟಲು ಕೊಟ್ಟರು. ಬೀದಿಯಲ್ಲಿ ತಿನ್ನಬಾರದು ಎಂಬ ಮಾತನ್ನು ಅವರೂ ಎತ್ತಲಿಲ್ಲ, ಉಳಿದವರೂ ನೆನಪಿಸುವ ಗೋಜಿಗೆ ಹೋಗಲಿಲ್ಲ. ಗುಬ್ಬಿ ಬಟ್ಟಲಿನ ತಳ ನೆಕ್ಕಿದಾಗ, ಸೌಟು ಹಿಡಿದು ಇನ್ನಷ್ಟು ಬಡಿಸಿದವರೂ ಅವರೇ.

ಸಂಜೆ ಗಂಡ ಇಳಿದು ಬಂದ. ಅಮ್ಮ ಕಾರಂಜಿಯ ಹತ್ತಿರ ಕಾಯಲಿಲ್ಲವಂತೆ, ಹೆಂಡತಿ ಹೊತ್ತು ಮರೆತಳಂತೆ, ಗಡಿಯಾರ ಹೊಡೆಯಲಿಲ್ಲವಂತೆ ಎಂದು ಮಕ್ಕಳ ಬಾಯಿಂದ ತುಂಡು ತುಂಡಾಗಿ ಕೇಳಿದ. ಕೇಳಿದ ಮೇಲೆ ಎಣ್ಣೆಗೈಯಿಂದಲೇ ಹಣೆ ಚಚ್ಚಿಕೊಂಡ. ಹಣೆಯ ಮೇಲೆ ಕಪ್ಪು ಮೂಡಿತು. ಸೊಸೆ ಊಟಕ್ಕೆ ಬಡಿಸಿದಳು, ತಾನು ಮಾತ್ರ ಅನ್ನ ಕಲಸುತ್ತಲೇ ಕೂತಳು. ಹಿತ್ತಲಲ್ಲಿ ನಕ್ಕದ್ದು ಬೇರೆ, ಮಗನ ಎದುರು ಹೇಳುವುದು ಬೇರೆ. ಅತ್ತೆ ನಗುನಗುತ್ತಲೇ ಕೊಯ್ಯಬಲ್ಲರು. ಮುಂದಿನ ರಜೆಯಲ್ಲಿ ಹಿತ್ತಲಬಾಗಿಲಿನಿಂದ ಮುಂಬಾಗಿಲಿಗೆ, ಮುಂಬಾಗಿಲಿನಿಂದ ಹಿತ್ತಲಿಗೆ ತಿರುಗುತ್ತಿರುವ ತನ್ನನ್ನು ಅವಳು ಆಗಲೇ ಕಣ್ಣಮುಂದೆ ಕಂಡಿದ್ದಳು.

ಗಂಡ ಮಾತು ಬದಲಿಸಲೆಂದೋ ಏನೋ, ಗೋಪುರದ ಹಿಂದೆ ಒಂದು ಹೊಗೆಕೊಳವೆಯಿದೆ, ಹಗಲೆಲ್ಲ ಹೊಗೆ, ಆದರೆ ಅದು ಅಡುಗೆಮನೆಯದಲ್ಲ, ಏನೆಂದೇ ತಿಳಿಯಲಿಲ್ಲ ಎಂದ.

ಅತ್ತೆ ತಟ್ಟೆ ಪಕ್ಕಕ್ಕೆ ಸರಿಸಿದರು. ಉಪ್ಪಿನ ಡಬ್ಬಿ ಎಳೆದು ನಡುವೆ ಇಟ್ಟರು. ಅದರ ಹಿಂದೆ ತಮ್ಮ ರಸ್ಕಿನ ಡಬ್ಬಿ ಇಟ್ಟರು.

“ಇದು ಸ್ನಾನದ ಮನೆ. ಹೊಗೆ ಅಲ್ಲಿಂದ,” ಎಂದರು. “ನಿನ್ನ ಗೋಪುರಕ್ಕಿಂತ ಇದು ಹಳೇದು. ಗೋಪುರ ಕಟ್ಟೋಕೆ ಬಂದ ಕಲ್ಲುಕುಟಿಗರು ಸಂಜೆ ಇಲ್ಲೇ ಮೀಯೋರು. ರಾತ್ರಿ ಎಲ್ಲ ಬೂದಿ ಕೆಂಡ ಸುಮ್ನೆ ಆರಿಹೋಗ್ತಿತ್ತು. ಒಲೆ ಉರಿಸೋನ ಹೆಂಡ್ತಿಗೆ ತಡೀಲಿಲ್ಲ. ಯಾವ ಹೆಂಗಸಿಗೆ ತಡೆಯುತ್ತೆ ಹೇಳು? ಒಂದು ಮಡಕೆ ಕಾಳು ಹೂತಿಟ್ಲು. ಬೆಳಿಗ್ಗೆ ಕಲ್ಲುಕುಟಿಗರಿಗೆ ಬಡಿಸಿದ್ಲು. ಅವರು ಕೂತೋರು ಏಳ್ಲೇ ಇಲ್ಲ.”

“ಆಮೇಲೆ ಅಜ್ಜಿ?” ಎಂದಳು ದೊಡ್ಡವಳು.

“ಆಮೇಲೇನು, ದಿನಾ ಅದೇ ಕತೆ. ಕೆಲಸ ಸಾಗ್ತಿಲ್ಲ ಅಂತ ಮೇಸ್ತ್ರಿ ತಲೆ ಕೆಡಿಸ್ಕೊಂಡು, ಅರ್ಧ ಕಟ್ಟಿದ ಗೋಪುರಕ್ಕೇ ಒಂದು ಗಂಟೆ ನೇತುಹಾಕ್ಸಿದ. ಕಾಳು ತಿನ್ನೋರನ್ನ ಎಬ್ಬಿಸೋಕೆ. ಗಡಿಯಾರ ಬಂದಿದ್ದು ಎಷ್ಟೋ ಕಾಲ ಆದ್ಮೇಲೆ. ಆ ಹೆಂಗಸಿನ ಮರಿಮಗಳ ಮೊಮ್ಮಗಳೋ ಏನೋ ಈಕೆ. ಗಂಟೆ ಹೊಡೀಲಿಲ್ಲ ಅಂದ್ರೆ ಇಲ್ಲಿ ಯಾರೂ ಏಳಲ್ಲ ಅಂದ್ಲು. ನಾನೂ ಏಳ್ಲಿಲ್ಲ.”

ಗಂಡ ಊಟ ಮರೆತು ಕೂತಿದ್ದ. ಎರಡು ದಿನದಿಂದ ಆ ಗಂಟೆಗೆ ಎಣ್ಣೆ ಹಾಕುತ್ತಿದ್ದಾನೆ, ಅದು ಯಾಕೆ ಗಡಿಯಾರಕ್ಕಿಂತ ಹಳೆಯದಾಗಿ ಕಾಣುತ್ತದೆ ಎಂದು ಅವನಿಗೆ ಹೊಳೆದಿರಲಿಲ್ಲ. ಸೊಸೆಯೂ ಬಾಯಿ ತೆರೆದು ಕೇಳುತ್ತಿದ್ದಳು. ಇಷ್ಟು ಊರು ಸುತ್ತಿ, ಇಷ್ಟು ತಿಂದು, ಒಂದು ಊರಿನ ಬುಡವನ್ನು ಇಷ್ಟು ಆಳಕ್ಕೆ ಅವಳು ಎಂದೂ ಮುಟ್ಟಿರಲಿಲ್ಲ. ಅತ್ತೆ ಕೂತಲ್ಲಿಂದಲೇ ಮುಟ್ಟಿದ್ದರು.

“ನಿನ್ನೆ ಯಾಕೆ ನನ್ನನ್ನ ಆ ಗಾಜಿನ ಪೆಟ್ಟಿಗೆ ಮುಂದೆ ನಿಲ್ಲಿಸಿದ್ದೆ?” ಎಂದು ಅತ್ತೆ ಇದ್ದಕ್ಕಿದ್ದಂತೆ ಸೊಸೆಯತ್ತ ತಿರುಗಿದರು.

ಸೊಸೆಗೆ ಸುಳ್ಳು ಹೇಳಲು ಬರಲಿಲ್ಲ. “ನಿಮಗೆ ನಮ್ಮ ರೀತಿ ಸರಿ ಕಾಣದೇನೋ ಅಂತ ಹೆದರಿದೆ ಅತ್ತೆ. ಮಕ್ಕಳನ್ನ ಬಿಟ್ಟು ಇರೋ ಶಕ್ತಿ ಇದೆ. ಹೀಗೆ ತಿರುಗೋದನ್ನ ಬಿಟ್ಟು ಇರೋಕೆ ಆಗಲ್ಲ ನಂಗೆ.”

ಹೇಳಿದ ಮೇಲೆ ಅವಳಿಗೇ ಗಾಬರಿಯಾಯಿತು. ತಾಯಿಯಾದವಳು ಆಡುವ ಮಾತೇ ಇದು?

“ಗಡಿಯಾರದವನಿಗೆ ಸರಿಯಾದ ಜೋಡಿ ನೀನು,” ಎಂದರು ಅತ್ತೆ. “ಅವನು ಮುಳ್ಳು ಬಿಚ್ತಾನೆ, ನೀನು ಅದು ಹೊಡೆಯುತ್ತೆ ಅಂತ ಕಾಯ್ತೀಯ.” ಮಗನ ಕಡೆ ತಿರುಗಿ, “ನೋಡೋ, ಮುಂದಿನ ಊರಲ್ಲಿ ರೂಮು ಮಾರ್ಕೆಟ್ ಹತ್ತಿರ ಮಾಡು. ನನ್ನ ಮಂಡೀಲಿ ಇಷ್ಟು ದೂರ ದಿನಾ ನಡೆಯೋಕಾಗಲ್ಲ,” ಎಂದು, ತಟ್ಟೆ ಮುಂದಕ್ಕೆಳೆದುಕೊಂಡು ಮೊಸರು ಕೇಳಿದರು.

ಸೊಸೆ ತಟ್ಟೆ ಬಿಟ್ಟು ಅತ್ತೆಯ ಮುಖವನ್ನೇ ನೋಡುತ್ತ ಬಡಿಸಿದ್ದರಿಂದ ಮೊಸರು ಅರ್ಧ ಮೇಜಿನ ಮೇಲೆ ಬಿತ್ತು. ಅದಕ್ಕೆ ಮಾತ್ರ ಅತ್ತೆ ಚೆನ್ನಾಗಿ ಬೈದರು.

ಬೆಳಿಗ್ಗೆ ಸೊಸೆ ಏಳುವಷ್ಟರಲ್ಲಿ ಅತ್ತೆ ಇಬ್ಬರು ಮಕ್ಕಳಿಗೂ ಜಡೆ ಹಾಕಿ ಮುಗಿಸಿದ್ದರು. ಬೂದಿಯಿಂದ ಮಡಕೆ ಎತ್ತುವುದನ್ನು ನೋಡಬೇಕಂತೆ, ಅಂಗಡಿಯಾಕೆ ಬೇಗ ಬರಹೇಳಿದ್ದಾಳಂತೆ. ಸೊಸೆ ಗಡಿಬಿಡಿಯಿಂದ ಸೀರೆ ಹುಡುಕಿದಳು. ಅತ್ತೆ ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, ಬೇಡ ಎನ್ನುವಂತೆ ಕೈಯಾಡಿಸಿದರು.

“ಮಕ್ಕಳನ್ನ ನಾನು ನೋಡ್ಕೋತೀನಿ. ನೀನು ಇವತ್ತು ಒಬ್ಳೇ ಹೋಗು. ಯಾರಿಗೂ ಏನೂ ತೋರಿಸ್ಬೇಡ, ಯಾರ ಮೂಗೂ ಕೇಳ್ಬೇಡ. ಹಂಚಿಕೊಳ್ಳದೆ ತಿನ್ನು.”

ಮೂವರ ಹೆಜ್ಜೆಯ ಸದ್ದು ಮೆಟ್ಟಿಲಿಳಿದು ಹೋಯಿತು. ಗುಬ್ಬಿಯ ಚಿಲಿಪಿಲಿ ಓಣಿಯ ತುದಿಯ ತನಕ ಕೇಳುತ್ತಿತ್ತು. ಸೊಸೆ ಅಭ್ಯಾಸಬಲದಿಂದ ಹಾಸಿಗೆ ಮಡಿಸಿದಳು, ಲೋಟ ತೊಳೆದಳು, ಬಟ್ಟೆಚೀಲಕ್ಕೆ ಮಕ್ಕಳ ನೀರಿನ ಬಾಟಲಿ ಹಾಕಿ ಮತ್ತೆ ಹೊರಗೆ ತೆಗೆದಳು. ಚೀಲ ಹಗುರವಾಗಿತ್ತು. ಚೀಲವನ್ನೂ ಬಿಟ್ಟಳು.

ಬೀದಿಯಲ್ಲಿ ಅಂಗಡಿಗಳ ಬಾಗಿಲುಗಳು ಒಂದೊಂದಾಗಿ ತೆರೆಯುತ್ತಿದ್ದವು. ಎರಡೂ ಕೈಗಳನ್ನು ಏನು ಮಾಡಬೇಕೆಂದು ತಿಳಿಯದೆ ಬೀಸಿಕೊಂಡು ನಡೆದಳು. ಎಡಕ್ಕೋ ಬಲಕ್ಕೋ ಎಂದು ಕೇಳುವವರಿಲ್ಲ. ಎಂದೂ ಹೋಗದ ಒಂದು ಮೆಟ್ಟಿಲ ಓಣಿ ಕಂಡಿತು, ಹತ್ತಿದಳು. ಮೇಲೆ ಯಾವುದೋ ಕಿಟಕಿಯಲ್ಲಿ ಎಣ್ಣೆ ಚುಂಯ್ಗುಟ್ಟುತ್ತಿತ್ತು. ಕಿಟಕಿಯ ಕೆಳಗೆ ನಿಂತು, ಒಳಗಿದ್ದ ಹೆಂಗಸಿಗೆ ಕೇಳುವಂತೆ, “ಅಕ್ಕ, ಅದೇನದು, ಒಂದು ತಟ್ಟೆ ನನಗೂ ಸಿಗುತ್ತಾ?” ಎಂದಳು. ಕಾಯಬೇಕು, ಈಗಷ್ಟೇ ಎಣ್ಣೆಗೆ ಬಿಟ್ಟೆ ಎಂದು ಉತ್ತರ ಬಂತು.

ಕಾಯುತ್ತೇನೆ ಎಂದು ಸೊಸೆ ಮೆಟ್ಟಿಲ ಮೇಲೆ ಕಾಲು ಚಾಚಿ ಕೂತಳು.